ಸುಳ್ಳು ಕೂಗು ಮತ್ತು ನಾಲ್ಕು ಗುಂಡಿ

ಮಕ್ತುಂ ಕಾಕಾನ ಬಲಗೈ ನಡುಬೆರಳಿನ ತುದಿ ಹೋದದ್ದು ನನ್ನ ಬಾಯಿಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ಅಲ್ಲಿಯವರೆಗೆ ನೀವು ನನ್ನನ್ನು ಒಳ್ಳೆಯವನೆಂದು ತಿಳಿದು ಓದಿರುತ್ತೀರಿ, ಆಮೇಲೆ ಬೈಯುವುದು ನಿಮಗೂ ಕಷ್ಟವಾಗುತ್ತದೆ.

ನನಗೀಗ ಮೂವತ್ತೆರಡು. ಈ ವಯಸ್ಸಿಗೆ ವೃತ್ತಿಯ ನೆನಪು ಬರೆಯಲು ಕೂತವನನ್ನು ಕಂಡು ನಗು ಬರಬಹುದು. ಆದರೆ ನಾನು ಶಾಸ್ತ್ರೋಕ್ತವಾಗಿ ನಿವೃತ್ತನಾದವನು. ಹನ್ನೊಂದು ವರ್ಷ ದುಡಿದ ಕಾರ್ಖಾನೆ ಬಿಟ್ಟು ಐಟಿಐಯಲ್ಲಿ ತಗಡಿನ ಕೆಲಸ ಕಲಿಸಲು ಹೊರಟಾಗ ಗೆಳೆಯರು ನನಗೊಂದು ಬ್ಯಾನರ್ ಮಾಡಿಸಲು ಹೋದರು. ಅಂಗಡಿಯವನ ಕಂಪ್ಯೂಟರಿನಲ್ಲಿ ಸಿದ್ಧವಿದ್ದದ್ದು ಮೂರೇ ನಮೂನೆ: ಹುಟ್ಟುಹಬ್ಬ, ಭಾವಪೂರ್ಣ ಶ್ರದ್ಧಾಂಜಲಿ, ಸೇವಾ ನಿವೃತ್ತಿ. ಎರಡನೆಯದು ಬೇಡವೆಂದು ಮೂರನೆಯದನ್ನು ಆರಿಸಿದರಂತೆ. ಅದೂ ಸ್ವಲ್ಪ ಚರ್ಚೆಯಾದ ಮೇಲೆ. ಹೀಗೆ ಶಾಲು, ಹಾರ, ತೆಂಗಿನಕಾಯಿ ಸಮೇತ ಚಂದ್ರು ಎಂಬ ನಾನು ನಿವೃತ್ತ. ಈಗ ನನ್ನ ಮುಂದೆ ಕೂರುವ ಹುಡುಗ ಹುಡುಗಿಯರು, “ಸರ್, ಕಾರ್ಖಾನ್ಯಾಗ ಖರೇನ ಹೆಂಗಿರತೈತ್ರಿ?” ಎಂದು ಕೇಳುತ್ತಾರೆ. ಇದು ಅವರಿಗೆ.

ನಮ್ಮದು ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆ. ತಗಡು ಕತ್ತರಿಸಿ, ಮಡಚಿ, ಬೆಸೆದು ಕರೆಂಟಿನ ಪ್ಯಾನೆಲ್ ಪೆಟ್ಟಿಗೆ ಮಾಡುತ್ತಿದ್ದೆವು. ಮಾಲೀಕರ ಹಿರಿಯರು ಅರಳೆ ವ್ಯಾಪಾರ ಮಾಡಿದವರು. ಇವರು ಅರಳೆ ಬಿಟ್ಟು ಉಕ್ಕಿಗೆ ಬಂದರೂ ಎಲ್ಲರ ಬಾಯಲ್ಲಿ ಸಾವ್ಕಾರ್ರೇ ಆಗಿ ಉಳಿದರು. ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ಅಳತೆಪಟ್ಟಿ. ಸಿಟ್ಟು ಬಂದರೆ ಅಳತೆಪಟ್ಟಿಯನ್ನು ಸರ್ರನೆ ಎಳೆದು ಸರ್ರನೆ ಬಿಡುತ್ತಿದ್ದರು. ಆ ಸದ್ದನ್ನು ನಾನು ನಾಲಿಗೆಯಿಂದ ಮಾಡುತ್ತಿದ್ದೆ. ಕ್ಯಾಂಟೀನಿನಲ್ಲಿ ಕೂತು ಒಮ್ಮೆ ‘ಸರ್ರ್’ ಎಂದರೆ ಸಾಕು, ಆರೇಳು ಮಂದಿ ಚಹಾ ಬಿಟ್ಟು ಎದ್ದು ನಿಲ್ಲುತ್ತಿದ್ದರು.

ಅನುಕರಣೆ ನನ್ನ ಚಟ. ಕಂಪ್ರೆಸರ್ ಶುರುವಾಗುವ ಕೆಮ್ಮು, ಗೇಟಿನ ಕಾವಲುಗಾರನ ಆಕಳಿಕೆ, ಫೋನಿನಲ್ಲಿ ಹೆಂಡತಿಯ ಜೊತೆ ಮಾತಾಡುವಾಗ ಮಾತ್ರ ಮೆತ್ತಗಾಗುವ ವೆಲ್ಡರನ ದನಿ, ಎಲ್ಲ ಬರುತ್ತಿತ್ತು. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ಇನ್ನು ಬೆಂಡಿಂಗ್ ಮಷೀನು. ಉದ್ದ ಎರಡು ಮಂಚದಷ್ಟು. ಮೇಲೆ ಒಂದು ಉಕ್ಕಿನ ಅಲಗು, ಕೆಳಗೆ ಅದಕ್ಕೆ ಸರಿಹೊಂದುವ ಕಾಲುವೆ. ನಡುವೆ ತಗಡು ಇಟ್ಟು ಪೆಡಲ್ ತುಳಿದರೆ ಅಲಗು ಇಳಿದು ತಗಡನ್ನು ಮಡಚುತ್ತದೆ. ನಡುವೆ ಇರುವುದು ತಗಡೋ ಬೆರಳೋ ಎಂದು ಅದು ಕೇಳುವುದಿಲ್ಲ. ದೊಡ್ಡ ತಗಡಿಗೆ ಇಬ್ಬರು ಬೇಕು. ಬಲತುದಿಯಲ್ಲಿ ಮಕ್ತುಂ ಕಾಕಾ. ಹಳೇ ಹುಬ್ಬಳ್ಳಿಯವನು, ವಯಸ್ಸು ಐವತ್ತರ ಮೇಲೆ. ಕಣ್ಣಿನಲ್ಲೇ ಕೋನ ಅಳೆಯುವ ಕಾರೀಗರ. ತಗಡನ್ನು ಒಳಗೆ ತಳ್ಳಿ ಬೆರಳಿನಿಂದ ಸರಿಗೂಡಿಸುವುದು ಅವನ ಕೆಲಸ. ಎಡತುದಿಯಲ್ಲಿ ಫಕ್ಕೀರಪ್ಪ. ಸುಳ್ಳ ಎಂಬ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ, ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡದ ಮನುಷ್ಯ. ಪೆಡಲ್ ಅವನ ಕಾಲ ಕೆಳಗೆ. ತಗಡಿನ ಒಂದು ಅಂಚು ಮೊದಲೇ ಮಡಚಿ ಗೋಡೆಯಂತೆ ಎದ್ದು ನಿಂತಿರುತ್ತದೆ, ಹಾಗಾಗಿ ಕಾಕಾನ ಕೈ ಫಕ್ಕೀರಪ್ಪನಿಗೆ ಕಾಣುವುದಿಲ್ಲ. ಕಾಕಾ ಕೈ ತೆಗೆದು, ಒಮ್ಮೆ ಗಂಟಲು ಸರಿಮಾಡಿಕೊಂಡು, “ಹೂಂ, ಹೊಡಿ” ಅನ್ನುತ್ತಾನೆ. ಫಕ್ಕೀರಪ್ಪ ತುಳಿಯುತ್ತಾನೆ.

ಅಂದರೆ ಅಷ್ಟು ದೊಡ್ಡ ಮಷೀನಿಗೂ ಕಾಕಾನ ಹತ್ತು ಬೆರಳಿಗೂ ನಡುವೆ ಇದ್ದದ್ದು ಒಂದು ಬಾಯಿ, ಒಂದು ಜೊತೆ ಕಿವಿ. ವರ್ಷಗಟ್ಟಲೆ ಹಾಗೇ ನಡೆದಿತ್ತು. ನಡೆದಿದೆ ಅಂದಮೇಲೆ ಸರಿಯಿದೆ ಎಂದು ನಾವೆಲ್ಲ ತಿಳಿದಿದ್ದೆವು.

ಆ ಕೂಗನ್ನು ನಾನು ಗಂಟಲು ಸರಿಮಾಡುವುದರ ಸಮೇತ ಕಲಿತಿದ್ದೆ. ಮಷೀನು ಬಂದ್ ಆಗಿರುವಾಗ ಹಿಂದಿನಿಂದ “ಹೂಂ, ಹೊಡಿ” ಎಂದರೆ ಫಕ್ಕೀರಪ್ಪನ ಕಾಲು ತಾನಾಗಿಯೇ ಪೆಡಲಿಗೆ ಹೋಗುತ್ತಿತ್ತು. ಎಲ್ಲರೂ ನಗುತ್ತಿದ್ದೆವು. ಅವನೂ ನಗುತ್ತಿದ್ದ, ಅರ್ಧ.

ಒಂದು ಮಧ್ಯಾಹ್ನ ನೀರು ಕುಡಿಯಲು ಹೊರಟೆ. ಕುಡಿಯುವ ನೀರಿನ ಹರವಿ ಇದ್ದದ್ದು ಬೆಂಡಿಂಗ್ ಮಷೀನಿನ ಆಚೆಯ ಮೂಲೆಯಲ್ಲಿ. ಹೋಗುವವರೆಲ್ಲ ಮಷೀನಿನ ಬೆನ್ನ ಹಿಂದಿನಿಂದಲೇ ಹೋಗಬೇಕು. ಕಾಕಾ ತಗಡಿನ ಮೇಲೆ ಬಗ್ಗಿದ್ದ. ಮಷೀನು ಬಂದ್ ಆಗಿದೆ ಅಂದುಕೊಂಡೆ. ಅದು ಚಾಲೂ ಇದೆ ಎಂದು ತೋರಿಸುವ ಒಂದು ದೀಪವೂ ಅದಕ್ಕಿರಲಿಲ್ಲ, ಅದರ ಗುಂಯ್ ಸದ್ದು ನಮ್ಮ ಕಿವಿಗೆ ಎಂದೋ ಸತ್ತುಹೋಗಿತ್ತು. ಸಾಮಾನಿನ ರ‍್ಯಾಕಿನ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡೆ. “ಹೂಂ, ಹೊಡಿ.”

ಅಲಗು ಇಳಿಯಿತು. ಕಾಕಾ ಚೀರಲಿಲ್ಲ. “ಯಾ ಅಲ್ಲಾ” ಎಂದು ಸಣ್ಣಗೆ ಅಂದು ಕೈ ಎದೆಗೊತ್ತಿಕೊಂಡು ನೆಲಕ್ಕೆ ಕೂತ.

ಸಾವ್ಕಾರ್ರು ತಮ್ಮ ಕಾರಿನಲ್ಲೇ ಅವನನ್ನು ಸತ್ತೂರಿನ ಆಸ್ಪತ್ರೆಗೆ ಕರೆದೊಯ್ದರು. ನಡುಬೆರಳಿನ ಉಗುರಿನವರೆಗಿನ ತುದಿ ಹೋಗಿತ್ತು. ಹೋಗಬಹುದಾಗಿದ್ದುದಕ್ಕೆ ಹೋಲಿಸಿದರೆ ಅದು ಕಡಿಮೆ ಎಂದು ಡಾಕ್ಟರು ಹೇಳಿದರಂತೆ. ಆದರೆ ಕಾಕಾ ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಹೆಸರಾದ ಕೇರಂ ಆಟಗಾರ, ಸ್ಟ್ರೈಕರ್ ಹೊಡೆಯುವುದು ಅದೇ ಬೆರಳಿನಲ್ಲಿ. ಕಡಿಮೆ ಎನ್ನುವುದು ಯಾರ ಅಳತೆಯಲ್ಲಿ?

ಫಕ್ಕೀರಪ್ಪನನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದರು. ಅವನು ಒಂದೇ ಮಾತು ಹೇಳಿದ: “ಕಾಕಾನ ದನಿ ಕೇಳೇ ತುಳದೇನ್ರಿ.” ಕಾಕಾ ತಾನು ಕೂಗಲಿಲ್ಲ ಎಂದಿದ್ದ. ಕಾಕಾ ಸುಳ್ಳಾಡುವವನಲ್ಲ. ಸಾವ್ಕಾರ್ರು ಅಳತೆಪಟ್ಟಿ ಎಳೆದು ಬಿಟ್ಟರು. “ನಾಳಿಂದ ಬರಬ್ಯಾಡ.”

ನಾನು ಅಲ್ಲೇ ಇದ್ದೆ. ರ‍್ಯಾಕಿನ ಹಿಂದೆ ನನ್ನನ್ನು ಯಾರೂ ಕಂಡಿರಲಿಲ್ಲ, ಚಾಲೂ ಮಷೀನಿನ ಮುಂದೆ ನಾನು ಆ ಕೂಗು ಹಾಕಿಯೇನೆಂದು ಯಾರಿಗೂ ಹೊಳೆಯಲಿಲ್ಲ. ಊರಿನವರ ದನಿಯೆಲ್ಲ ಬರುವ ಬಾಯಿಗೆ ಅಂದು ಒಂದು ದನಿಯೂ ಬರಲಿಲ್ಲ.

ಮೂರು ದಿನ ಹಾಗೇ ಕಳೆದೆ. ನಾಲ್ಕನೆಯ ದಿನ ಬೈಕ್ ಹತ್ತಿ ಸುಳ್ಳಕ್ಕೆ ಹೋದೆ. ಫಕ್ಕೀರಪ್ಪ ಮನೆಯ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ಪಕ್ಕದಲ್ಲಿ ಆಸ್ಪತ್ರೆಯ ಒಂದು ಚೀಟಿ, ಹಾರದ ಹಾಗೆ ಅದರ ಮೇಲೆ ಒಂದು ಕಲ್ಲು.

“ಯಾರಿಗೆ ಆರಾಮಿಲ್ಲ, ಫಕ್ಕೀರಣ್ಣ?”

“ನಾನ ಹೋಗಿದ್ನಿ, ಸತ್ತೂರಿಗೆ. ಕಿವಿ ತೋರಿಸಾಕ.”

“ಕಿವಿಗೇನಾಗೇತಿ?”

“ಕಾಕಾ ಕೂಗಲಾರದ್ದು ನನಗ ಕೇಳಸ್ತಲ್ಲೋ. ಕೂಗಲಾರದ್ದು ಕೇಳಸ್ತಂದ್ರ ಕಿವಿ ಕೆಟ್ಟಿರಬೇಕು, ಇಲ್ಲಾ ತಲಿ. ಕಿವಿ ಛಲೋ ಅದಾವು ಅಂದ್ರು ಡಾಕ್ಟರು.” ಒಂದು ಶೇಂಗಾ ಒಡೆದ. “ಹಂಗಂದ್ರ ಉಳದದ್ದು ತಲಿ.”

ಬಡಿಗೆಯಿಂದ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಹೇಳಿದೆ, ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿದ.

“ಇನ್ನೊಮ್ಮೆ ಒದರು.”

“ಬ್ಯಾಡೋ ಅಣ್ಣ.”

“ಒದರಂದ್ನಿ.”

ಒದರಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ಆಸ್ಪತ್ರೆಯ ಚೀಟಿ ತೆಗೆದು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. “ಇದ ದನಿ,” ಎಂದ. “ತಲೀನೂ ಛಲೋ ಐತಿ.” ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಶೇಂಗಾ ಸಿಪ್ಪೆಯ ಮುಂದೆ ನಾನೊಬ್ಬನೇ ಉಳಿದೆ.

ಅಲ್ಲಿಂದ ನೇರ ಹಳೇ ಹುಬ್ಬಳ್ಳಿಗೆ ಹೋಗಿ ಕಾಕಾನ ಕಾಲು ಹಿಡಿಯಲು ಬಗ್ಗಿದೆ. ಕಾಕಾ ಬ್ಯಾಂಡೇಜಿನ ಕೈ ಎತ್ತಿ ತಡೆದ.

“ಕಾಲ ಬಿಡು ಬೇಟಾ, ಅವಾದ್ರೂ ಉಳೀಲಿ.” ಮಾತಿನಲ್ಲಿ ನಗುವಿರಲಿಲ್ಲ. “ಫಕ್ಕೀರ‍್ಯಾನ್ನ ವಾಪಸ್ ತರಸು ಮದಲ. ನನ್ನ ಮಾತು ಆಮ್ಯಾಲೆ.”

“ನೀ ಬರ್ತಿ ಹೌದಿಲ್ಲೋ ಕಾಕಾ?”

“ಕೇಳು. ಫಕ್ಕೀರ‍್ಯಾನ ಮ್ಯಾಲೆ ನನಗ ಸಿಟ್ಟಿಲ್ಲ. ನಿನ್ನ ಮ್ಯಾಲೆ ಐತಿ, ಅದು ಇಳೀತೈತಿ. ಖರೆ ಯಾರದರ ಬಾಯಿ, ಯಾರದರ ಕಿವಿ, ಅದರ ಮ್ಯಾಲೆ ನನ್ನ ಕೈ ಇಡೂದಿಲ್ಲ ಇನ್ನ. ಆ ಪೆಡಲ್ ಇರೂತನಾ ನಾ ಆ ಮಷೀನಿನ ಮುಂದ ನಿಂದ್ರಂಗಿಲ್ಲ. ಸಾವ್ಕಾರ್ರಿಗೆ ಹೇಳು.”

ಕಾಕಾನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಸಾವ್ಕಾರ್ರಿಗೆ ಬೇರೆ ಕಾರೀಗರ ಗೊತ್ತಿರಲಿಲ್ಲ. ಕಾಕಾನ ಬದುಕು ಆ ಪೆಡಲಿನ ಮೇಲೆ ನಿಂತಿತ್ತು. ಅದನ್ನು ಅಲ್ಲಿಗೆ ತಂದು ನಿಲ್ಲಿಸಿದವನು ನಾನು.

ಸಾವ್ಕಾರ್ರ ಕೋಣೆಯಲ್ಲಿ ತಪ್ಪೊಪ್ಪಿಕೊಂಡು, ಕಾಕಾನ ಮಾತನ್ನೂ ಮುಟ್ಟಿಸಿದೆ. ಅಳತೆಪಟ್ಟಿ ಎಷ್ಟು ಸಲ ಸರ್ರೆಂದಿತೋ ಎಣಿಸಲಿಲ್ಲ. ಫಕ್ಕೀರಪ್ಪನಿಗೆ ಫೋನ್ ಹೋಯಿತು, ನನಗೆ ಬಾಗಿಲು ತೋರಿಸಲಾಯಿತು. ಆಗ ಆ ಕೋಣೆಯಲ್ಲಿ ಇನಾಮದಾರ ಮೇಡಂ ಇದ್ದರು. ಧಾರವಾಡದವರು, ಬಂದು ಎರಡು ತಿಂಗಳಾಗಿದ್ದ ಇಂಜಿನಿಯರು. ಬೈದರೂ ಅಭಂಗ ಹಾಡಿದ ಹಾಗೆ ಕೇಳುವ ಮಾತು. ಅದನ್ನೂ ನಾನು ಆಗಲೇ ಕಲಿತಿದ್ದೆ, ಅದೂ ಅವರಿಗೆ ಗೊತ್ತಿತ್ತು.

“ಹದಿನೈದು ದಿವಸ ಇವನ್ನ ನನಗ ಕೊಡ್ರಿ,” ಎಂದರು. “ನನಗ ಕೆಲಸ ಅದ. ಆಮ್ಯಾಲೆ ಬೇಕಾದ್ರ ಹೊರಗ ಹಾಕೀರಂತ.”

ಅಷ್ಟರಲ್ಲಿ ಸಾವ್ಕಾರ್ರು ತಮ್ಮದೇ ಪರಿಹಾರ ಮಾಡಿದ್ದರು. ಮಷೀನಿನ ಮೇಲೆ ಕೆಂಪು ಅಕ್ಷರದ ಬೋರ್ಡು: ‘ಕೆಲಸದ ವೇಳೆ ಮಾತು ನಿಷಿದ್ಧ’. ಅದರ ಫಲ ಏನೆಂದರೆ, ಫಕ್ಕೀರಪ್ಪನ ಜೊತೆ ತಾತ್ಕಾಲಿಕವಾಗಿ ನಿಂತ ಹೊಸಬ ಕೂಗುವುದನ್ನೂ ಬಿಟ್ಟು ಬರೀ ಗೋಣು ಹಾಕತೊಡಗಿದ. ಗೋಣು ತಗಡಿನ ಆಚೆಗಿತ್ತು. ಎರಡೇ ದಿನದಲ್ಲಿ ಮೇಡಂ ಬೋರ್ಡು ಇಳಿಸಿ ಅದರ ಬೆನ್ನಿನ ಮೇಲೆ ಲೆಕ್ಕ ಬಿಡಿಸಲು ಶುರುಮಾಡಿದರು. ಮಷೀನಿನ ಪ್ಲಗ್ಗೂ ಕಿತ್ತರು.

ಅವರ ಕೆಲಸದ ರೀತಿ ನನಗೆ ಹೊಸದು. ಮೊದಲ ಐದು ದಿನ ಒಂದು ಸ್ಟೂಲು, ಒಂದು ಸೀಮೆಸುಣ್ಣ ಅಷ್ಟೇ. ಯಾರು ಎಲ್ಲಿ ಕಾಲಿಟ್ಟರೋ ಅಲ್ಲಿ ಒಂದು ಗುರುತು. ಐದನೆಯ ದಿನ ನೋಡಿದರೆ ಬೆಂಡಿಂಗ್ ಮಷೀನಿನ ಬೆನ್ನ ಹಿಂದೆ ನೆಲವೆಲ್ಲ ಬೆಳ್ಳಗಾಗಿತ್ತು. ಅಲ್ಲಿ ಹಳದಿ ಗೆರೆ ಎಳೆದು ‘ದಾಟಬೇಡಿ’ ಎಂದು ಬರೆದದ್ದು ಮೊದಲಿನಿಂದಲೂ ಇತ್ತು, ಅದರ ಮೇಲೆಯೇ ಹೆಚ್ಚು ಗುರುತುಗಳು.

“ಇವ್ರೆಲ್ಲಾ ಮಾತ ಕೇಳದಾವ್ರ ಬಿಡ್ರಿ ಮೇಡಂ,” ಎಂದೆ, ಸಾವ್ಕಾರ್ರ ದನಿಯಲ್ಲಿ.

“ಇವ್ರಿಗೆ ನೀರಡಿಸ್ಯದ,” ಎಂದರು ಅವರು, ಅವರದೇ ದನಿಯಲ್ಲಿ. “ಆ ಹರವಿ ಎತ್ತು.”

ಹರವಿಯನ್ನು ಎತ್ತಿ ಬಾಗಿಲ ಪಕ್ಕದ ಬೇವಿನ ನೆರಳಿಗೆ ಇಟ್ಟೆವು. ಮರುದಿನದಿಂದ ಮಷೀನಿನ ಹಿಂದೆ ಬೆಕ್ಕು ಕೂಡ ಹೋಗಲಿಲ್ಲ. ಗೆರೆ ಇಷ್ಟು ವರ್ಷ ಮಾಡದ್ದನ್ನು ಒಂದು ಮಣ್ಣಿನ ಹರವಿ ಮಾಡಿತು. ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದಿದ್ದರೆ ಇದನ್ನು ಬರೆದುಕೊಳ್ಳಿ.

ಆಮೇಲೆ ನನ್ನ ಕೆಲಸ ಬಂತು. “ಕೂಗಿನ ಬದ್ಲಿ ನಾ ಏನರೆ ಒಂದು ಮಾಡ್ತೀನಿ,” ಎಂದರು ಮೇಡಂ. “ನೀ ಅದನ್ನ ಕೆಡಸಬೇಕು. ನೀ ಕೆಡಸಲಿಕ್ಕೆ ಆಗದ್ದು ಸಿಗೋತನಕ ಮಾಡೋಣು.”

ಜೀವನದಲ್ಲಿ ಮೊದಲ ಸಲ ಯಾರೋ ನನಗೆ ಕಿಡಿಗೇಡಿತನವನ್ನೇ ಹುದ್ದೆಯಾಗಿ ಕೊಟ್ಟಿದ್ದರು. ಫಕ್ಕೀರಪ್ಪ ಪೆಡಲ್ ಹತ್ತಿರ, ಕಾಕಾನ ಜಾಗದಲ್ಲಿ ಮೇಡಂ ಸ್ವತಃ, ನಾನು ರ‍್ಯಾಕಿನ ಹಿಂದೆ. ಹೆಸರು ಹಿಡಿದು ಕೂಗಬೇಕು ಎಂದರು. ಮೇಡಂ ದನಿಯಲ್ಲೇ “ಫಕ್ಕೀರಪ್ಪ, ಹೊಡೀರಿ” ಎಂದೆ, ಅವನು ತುಳಿದ. ಸೀಟಿ ಎಂದರು. ನಾನು ಬಾಯಿಂದ ಸೀಟಿ ಹಾಕಿದೆ, ತುಳಿದ. ಗಂಟೆ ಎಂದರು. ಚಹಾದ ಲೋಟಕ್ಕೆ ಚಮಚ ಬಡಿದೆ, ತುಳಿದ. ಪ್ರತಿ ಸಲವೂ ಅವನು ನನ್ನ ಕಡೆ ತಿರುಗಿ ನೋಡುತ್ತಿದ್ದ, ತನ್ನ ಕಿವಿಗೆ ಇನ್ನೊಂದು ಸರ್ಟಿಫಿಕೇಟು ಸಿಕ್ಕವನಂತೆ. ಕೈ ತೆಗೆದ ಮೇಲೆ ಹೊತ್ತಿಸಿ, ಮತ್ತೆ ಕೈ ಹಾಕುವ ಮೊದಲು ಆರಿಸಬೇಕಾದ ಒಂದು ದೀಪ ಹಾಕಿದರು. ಅದನ್ನು ನಾನು ಕೆಡಿಸಲಾರದೆ ಹೋದೆ. ಆದರೆ ಎರಡೂ ಕೈಯಲ್ಲಿ ತಗಡು ಹಿಡಿದ ಮೇಡಂ ತಾವೇ ಅದನ್ನು ಆರಿಸಲು ಮರೆತರು. “ನನ್ನಂಥಾಕಿ ಮರತ್ರ ಎಲ್ಲಾರೂ ಮರೀತಾರ,” ಎಂದು ಅದನ್ನೂ ಕಿತ್ತರು.

ಕಡೆಗೆ ಬಂದದ್ದು ನಾಲ್ಕು ಗುಂಡಿ. ತಗಡನ್ನು ಹೊರಲು ಮಷೀನಿನ ಮುಂದೆ ಎರಡು ತೋಳು ಜೋಡಿಸಿದರು, ಮನುಷ್ಯನ ಕೈ ಖಾಲಿಯಾಯಿತು. ಈ ತುದಿಯವನಿಗೆ ಎರಡು ಗುಂಡಿ, ಆ ತುದಿಯವನಿಗೆ ಎರಡು. ನಾಲ್ಕೂ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಅಲಗು ಇಳಿಯುತ್ತದೆ. ಒಂದು ಕೈ ಎತ್ತಿದರೂ ನಿಲ್ಲುತ್ತದೆ. ತಗಡಿಗೂ ಅಲಗಿಗೂ ನಡುವೆ ಉಗುರು ಕೂಡ ತೂರದಷ್ಟು ಸಂದು ಉಳಿದ ಮೇಲೆ ಮಾತ್ರ ಕೈ ಬಿಟ್ಟು ತಗಡು ಹಿಡಿದು, ಇಬ್ಬರೂ ತಂತಮ್ಮ ಹೊಸ ಪೆಡಲ್ ತುಳಿಯಬೇಕು. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಮೊದಲ ದಿನವೇ ಕೆಡಿಸಿದೆ. ಎರಡು ಗುಂಡಿಗಳ ನಡುವೆ ಒಂದು ಮೊಳವೂ ಇರಲಿಲ್ಲ. ಒಂದರ ಮೇಲೆ ಅಂಗೈ, ಇನ್ನೊಂದರ ಮೇಲೆ ಮೊಳಕೈ ಇಟ್ಟು, ಖಾಲಿ ಕೈಯಲ್ಲಿ ಮಿರ್ಚಿ ಭಜಿ ತಿಂದು ತೋರಿಸಿದೆ. ಮೇಡಂ ಮಿರ್ಚಿ ಕಸಿದುಕೊಂಡು, ಗುಂಡಿಗಳನ್ನು ತೋಳಳತೆ ದೂರ ಮಾಡಿ, ನಡುವೆ ಒಂದು ತಗಡಿನ ಗೋಡೆ ನಿಲ್ಲಿಸಿದರು. ವಾರ ಬಿಟ್ಟು ನೋಡಿದರೆ ಆ ಹೊಸಬ ಒಂದು ಗುಂಡಿಗೆ ವಾಷರ್ ಸಿಕ್ಕಿಸಿ ಒತ್ತಿಟ್ಟಿದ್ದ. ಸಾವ್ಕಾರ್ರು ದಂಡ ಹಾಕಲು ಹೊರಟರು. ಮೇಡಂ ತಾವೇ ಅಲ್ಲಿ ನಿಂತು ಅರ್ಧ ದಿನ ಒತ್ತಿದರು. ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆರೆಯಲು ಅವರ ಕೈ ಮೇಲೇಳಲಿಲ್ಲ.

“ಗುಂಡಿ ಭಾಳ ಎತ್ತರ ಅವ,” ಎಂದರು. “ಅಂವ ಕಳ್ಳ ಅಲ್ಲ, ಅವನ ಭುಜ ನೋಯಾಕತ್ತದ.”

ಗುಂಡಿ ಸೊಂಟದ ಮಟ್ಟಕ್ಕೆ ಇಳಿಯಿತು. ಒಂದು ಗುಂಡಿ ಒತ್ತಿಯೇ ಉಳಿದರೆ ಮುಂದಿನ ಸಲ ಮಷೀನು ಕದಲದ ಹಾಗೂ ಮಾಡಿದರು. ವಾಷರ್ ಮತ್ತೆ ಕಾಣಲಿಲ್ಲ, ಆದರೆ ಅದಕ್ಕೆ ಕಾರಣ ಗುಂಡಿ ಕೆಳಗಿಳಿದದ್ದು ಎಂದೇ ನನ್ನ ನಂಬಿಕೆ. ನಾಳೆ ನೀವು ಯಾವುದಾದರೂ ಕಾರ್ಖಾನೆಯಲ್ಲಿ ಹೀಗೆ ಕೆಡಿಸಿದ ಗುಂಡಿ ಕಂಡರೆ, ಕೆಡಿಸಿದವನನ್ನು ಹುಡುಕುವ ಮೊದಲು ಅವನ ಜಾಗದಲ್ಲಿ ಅರ್ಧ ದಿನ ನಿಂತು ನೋಡಿ. ನಾನೂ ಹಲವು ವರ್ಷ ಉಳಿದವರನ್ನೆಲ್ಲ ದಡ್ಡರೆಂದು ಅಣಕಿಸಿದವನು. ದಡ್ಡತನದ ಅರ್ಧ ಪಾಲು ಗೋಡೆ, ಗುಂಡಿ, ಹರವಿಗಳದ್ದಾಗಿತ್ತು. ಉಳಿದರ್ಧ ನನ್ನದು.

ಕಾಕಾ ಒಂದು ಸೋಮವಾರ ಬಂದ. ಮಷೀನಿನ ಸುತ್ತ ಎರಡು ಸುತ್ತು ಹಾಕಿದ. ತನ್ನ ಎರಡು ಗುಂಡಿ ಒತ್ತಿ ಫಕ್ಕೀರಪ್ಪನಿಗೆ ಸುಮ್ಮನಿರಲು ಹೇಳಿದ, ಅಲಗು ಅಲ್ಲಾಡಲಿಲ್ಲ. ಫಕ್ಕೀರಪ್ಪನಿಗೆ ಒತ್ತಲು ಹೇಳಿ ತಾನು ಕೈ ತೆಗೆದ, ಆಗಲೂ ಇಲ್ಲ. ನನ್ನನ್ನು ಕರೆದು, “ಒದರು ಬೇಟಾ, ಹೊಟ್ಟಿ ತುಂಬ ಒದರು,” ಎಂದ. ಒದರಿದೆ. ಮೇಲೆ ಪಾರಿವಾಳ ಹಾರಿದವು, ಅಲಗು ಇದ್ದಲ್ಲೇ ಇತ್ತು. ಕಾಕಾ ಕೈಗವಸು ಕೇಳಿ ಇಸಿದುಕೊಂಡ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಗುಂಡಿ ಒತ್ತುತ್ತಲೇ ಬೇರೆ ಏನೋ ಮಾತಾಡುತ್ತಿದ್ದರು. ಹಿಂದೆ ಆ ಜಾಗದಲ್ಲಿ ಒಂದೇ ಮಾತಿಗೆ ಎಡೆಯಿತ್ತು, ಈಗ ಊರಿನ ಸುದ್ದಿಯೆಲ್ಲ ಹಿಡಿಸಿತು. ದಿನಕ್ಕೆ ಹತ್ತು ಮಾತಿನ ಫಕ್ಕೀರಪ್ಪ ಹದಿನೈದು ಆಡಿದ್ದನ್ನು ನಾನೇ ಕೇಳಿದ್ದೇನೆ.

ಹದಿನೈದು ದಿನ ಮುಗಿದು ಎಷ್ಟೋ ಹದಿನೈದು ದಿನಗಳಾದವು, ನನ್ನನ್ನು ಹೊರಗೆ ಹಾಕಲು ಯಾರಿಗೂ ನೆನಪಾಗಲಿಲ್ಲ. ಹೊಸ ಮಷೀನು ಯಾವುದು ಬಂದರೂ ಮೊದಲು ನನ್ನನ್ನು ಕರೆದು “ಕೆಡಸು” ಅನ್ನುವುದು ರೂಢಿಯಾಯಿತು. ಕಾಕಾ ತೋರುಬೆರಳಿನಿಂದ ಕೇರಂ ಕಲಿತ. ಒಂದು ವರ್ಷ ಅವನ ಜೊತೆ ಆಡಿ ನಾನು ಗೆದ್ದೆ, ಅದರ ಬಗ್ಗೆ ಹೆಮ್ಮೆಯಿಲ್ಲ. ಈಗ ಸೋಲುತ್ತಿದ್ದೇನೆ, ಅದರ ಬಗ್ಗೆ ಇದೆ.

ನನ್ನ ‘ಸೇವಾ ನಿವೃತ್ತಿ’ಯ ದಿನ ಬೇವಿನ ಕೆಳಗೆ ಚುರುಮುರಿಯ ಗಿರ್ಮಿಟ್ಟು, ಮಿರ್ಚಿ, ಚಹಾ. ಎಲ್ಲರ ದನಿಯನ್ನೂ ಒಂದೊಂದು ಸಲ ಮಾಡಿಸಿಕೊಂಡು ಎಲ್ಲರೂ ನಕ್ಕರು. ಸಾವ್ಕಾರ್ರು ಶಾಲು ಹೊದಿಸಿ ನಾಲ್ಕು ಒಳ್ಳೆಯ ಮಾತಾಡಿದರು. ಐದನೆಯದು ಹೀಗಿತ್ತು:

“ಇನ್ನೊಂದು ವಿಚಾರ ಐತಿ. ದೊಡ್ಡ ಆರ್ಡರ್ ಬಂದೈತಿ, ಉದ್ದನ್ನ ಪ್ಯಾನೆಲ್ಲು. ನಾಕು ಗುಂಡಿ ಒತ್ತಿ ಮಾಡ್ಕೋತ ಕುಂತ್ರ ಲಗೂ ಆಗಂಗಿಲ್ಲ. ಹೆಂಗೂ ಚಂದ್ರು ಹೊಂಟ. ಇನ್ನ ಸುಳ್ಳು ಕೂಗು ಹಾಕಾವ್ರು ಇಲ್ಲಿ ಯಾರದಾರ? ಗುಂಡಿ ತಗದು ಹಳೇ ಪೆಡಲ್ ಹಾಕಿಬಿಡೂಣು. ಏನಂತೀರಿ?”

ಮೇಡಂ ಚಹಾದ ಕಪ್ಪು ಕೆಳಗಿಟ್ಟರು. ಕಾಕಾ ಗಿರ್ಮಿಟ್ಟಿನ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಚಪ್ಪಲಿ ಹುಡುಕತೊಡಗಿದ. ಅವನ ಮುಖ ನೋಡಿದೆ. ಹಳೇ ಹುಬ್ಬಳ್ಳಿಯ ಮನೆಯಲ್ಲಿ ಬ್ಯಾಂಡೇಜಿನ ಕೈ ಎತ್ತಿದ ದಿನ ಇದ್ದದ್ದು ಅದೇ ಮುಖ. ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಹಾರ ಹಾಕಿಕೊಂಡವನ ಮಾತು ಯಾರು ಕೇಳುತ್ತಾರೆ?

ಆಗ ಬಾಯಲ್ಲಿದ್ದ ಮಿರ್ಚಿ ನುಂಗಿ, ಕೈ ಒರೆಸಿಕೊಂಡು ಎದ್ದು ನಿಂತವನು ಫಕ್ಕೀರಪ್ಪ. ಹನ್ನೊಂದು ವರ್ಷದಲ್ಲಿ ಅವನು ಸಭೆಯಲ್ಲಿ ಮಾತಾಡಲು ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಸಾವ್ಕಾರ್ರ, ಹೋಗೂದು ಇವನ ಬಾಯಿ ಅಷ್ಟರೀ. ನನ್ನ ಕಿವಿ ಇಲ್ಲೇ ಇರತಾವು.”